ದುಡ್ಡಿನ ವಿದ್ಯೆ ಸಣ್ಣ ವಿದ್ಯೆಯಲ್ಲ

ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಜಾಸ್ತಿ ಬಂದರೆ ವಿಜ್ಞಾನ, ಕಡಿಮೆ ಬಂದರೆ ಕಾಮರ್ಸ್ ಎಂಬ ಮಾತು ಹೆಬ್ರಿಯಲ್ಲಿ ಇನ್ನೂ ಇದೆ. "ಕಾಮರ್ಸ್ ಓದಿ ಅಂಗಡಿ ಲೆಕ್ಕ ಬರೀತೀಯಾ?" ಎಂದು ಕೇಳುವವರಿಗೆ ನಾನು ಟಿ. ಎ. ಪೈಯವರ ಹೆಸರು ಹೇಳುತ್ತೇನೆ.

ಪೈಯವರು ಬೆಳೆದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಿಂದಲೂ ಉಳಿತಾಯ ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮ ಪೇಟೆಯ ಅಂಗಡಿಗಳಿಗೆ ಈಗಲೂ ಬರುವ ಪಿಗ್ಮಿಯವರ ಮೂಲ ಅದೇ. ಅಂಥ ಬ್ಯಾಂಕನ್ನು ನಡೆಸಿದ ಪೈಯವರು ಮುಂದೆ ಜೀವವಿಮಾ ನಿಗಮದ ಅಧ್ಯಕ್ಷರಾದರು, 1972ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಯಾದರು. ಇಷ್ಟಾದ ಮೇಲೆ ಮಣಿಪಾಲದಲ್ಲಿ ಆಡಳಿತ ನಿರ್ವಹಣೆ ಕಲಿಸುವ ಸಂಸ್ಥೆಯನ್ನು ಕಟ್ಟಲು ಹೊರಟರು. 1980ರಲ್ಲಿ ಆರಂಭವಾದ ಅದೇ ಇಂದಿನ 'ಟ್ಯಾಪ್ಮಿ'. ಮರುವರ್ಷವೇ ಅವರು ತೀರಿಕೊಂಡರು.

ಈ ಕ್ರಮ ನನಗೆ ಮುಖ್ಯವೆನಿಸುತ್ತದೆ. ಎರಡಾಣೆಯ ಬೆಲೆ ಗೊತ್ತಿದ್ದ ಬ್ಯಾಂಕಿನವರು ಮ್ಯಾನೇಜರುಗಳನ್ನು ತಯಾರುಮಾಡುವ ಶಾಲೆ ಕಟ್ಟಿದರು. ದುಡ್ಡು ಯಾರ ಕೈಯಿಂದ ಬರುತ್ತದೆ ಎಂದು ತಿಳಿದವರೇ ಅದನ್ನು ನಿರ್ವಹಿಸಲು ಕಲಿಸಬೇಕು.

"ಬ್ಯಾಂಕು ನಮಗೆ ಹೇಳಿದ್ದಲ್ಲ" ಎಂದು ನಮ್ಮವರಲ್ಲಿ ಕೆಲವರು ಹೇಳುತ್ತಾರೆ. ಆದರೆ 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಮುಂದೆ ನಿಂತು ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಬಡ್ಡಿಯ ವಿಷಯದ ತೀರ್ಪು ಉಲಮಾಗಳಿಗೆ ಬಿಟ್ಟದ್ದು. ಬಡ್ಡಿಯಿಲ್ಲದೆ, ಲಾಭ ನಷ್ಟ ಎರಡನ್ನೂ ಹಂಚಿಕೊಂಡು ವ್ಯವಹಾರ ನಡೆಸುವುದು ಹೇಗೆ, ಅಂಗಡಿಯ ಸರಕಿಗೆ ಝಕಾತ್ ಲೆಕ್ಕ ಹಾಕುವುದು ಹೇಗೆ ಎಂದು ಬಿಡಿಸಿ ಹೇಳಲು ಮಾತ್ರ ಹಣಕಾಸು ಓದಿದವರೇ ಬೇಕು. ಆ ಓದನ್ನೇ ದೂರವಿಟ್ಟರೆ ನಮ್ಮ ಪ್ರಶ್ನೆಗೆ ಬೇರೆಯವರು ಉತ್ತರ ಹುಡುಕಿಕೊಡುವುದಿಲ್ಲ.

ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕ್, ಪೈಯವರ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ರಂದು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಬೋರ್ಡುಗಳು ಬದಲಾದವು. ನಮ್ಮ ನಂತರ ಬರುವವರಿಗೆ ಆ ಹೆಸರುಗಳೂ ಗೊತ್ತಿರಲಿಕ್ಕಿಲ್ಲ. ಆದರೆ ಟ್ಯಾಪ್ಮಿ ಇದೆ, ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲೇ ಇದೆ. ಪದವಿ ಮುಗಿಸಿ ಪ್ರವೇಶ ಪರೀಕ್ಷೆ ಬರೆದರೆ ಅಲ್ಲಿ ಓದಬಹುದೆಂದು ನಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ಗೊತ್ತು?

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೆ: ಈ ವರ್ಷದ ಶೈಕ್ಷಣಿಕ ಪ್ರವಾಸದಲ್ಲಿ ಒಂದು ದಿನ ಕಾಮರ್ಸ್ ವಿದ್ಯಾರ್ಥಿಗಳನ್ನು ಉಡುಪಿ, ಮಣಿಪಾಲಕ್ಕೆ ಕರೆದೊಯ್ಯಿರಿ. ಹುಡುಗಿಯರನ್ನೂ ತಪ್ಪದೆ ಕರೆದೊಯ್ಯಿರಿ.