ರಿಮಾಂಡಿನ ಹೊತ್ತಿಗೆ ನಾವೆಲ್ಲಿರುತ್ತೇವೆ?

ಮನೆಯ ಹುಡುಗನನ್ನು ಪೊಲೀಸರು ಕರಕೊಂಡು ಹೋದರು ಅಂದ ಕೂಡಲೇ ನಮ್ಮಲ್ಲಿ ಫೋನು ಶುರು. ಜಮಾಅತಿನ ಅಧ್ಯಕ್ಷರಿಗೊಂದು, ಪಕ್ಷದ ಲೀಡರಿಗೊಂದು, ಗಲ್ಫಿನಲ್ಲಿರುವ ಅಣ್ಣನಿಗೊಂದು. ರಾತ್ರಿಯಿಡೀ ಸ್ಟೇಷನ್ ಗೇಟಿನ ಹೊರಗೆ ಹತ್ತಿಪ್ಪತ್ತು ಮಂದಿ. ಮರುದಿನ ಹುಡುಗನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವಾಗ ಮಾತ್ರ ಎಷ್ಟೋ ಸಲ ಪಕ್ಕದಲ್ಲಿ ಒಬ್ಬ ವಕೀಲರೂ ಇರುವುದಿಲ್ಲ.

ಹೈಕೋರ್ಟಿದೆಯಲ್ಲ, ದೊಡ್ಡ ವಕೀಲರನ್ನು ಹಿಡಿಯುವಾ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಹೈಕೋರ್ಟಿಗೆ ಹೋಗುವುದು ಕಾಗದ. ಬಂಧಿತನ ಮುಖವನ್ನು, ಮೈಮೇಲಿನ ಬಾಸುಂಡೆಯನ್ನು ಮೊದಲು ಕಣ್ಣಾರೆ ನೋಡುವ ನ್ಯಾಯಾಧೀಶರು ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯಂಥ ಊರಿನ ಮ್ಯಾಜಿಸ್ಟ್ರೇಟರು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ರಜಾದಿನವಾದರೆ ಮ್ಯಾಜಿಸ್ಟ್ರೇಟರ ಮನೆಗೇ ಕರಕೊಂಡು ಹೋಗುತ್ತಾರೆ.

ಪೊಲೀಸರು ಕೇಳಿದ್ದಕ್ಕೆಲ್ಲ ಸಹಿ ಹಾಕಲು ಅವರು ಅಲ್ಲಿ ಕೂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕಾಯಿತೆಂದು ಪೊಲೀಸರು ಕಾರಣ ಕೊಡಬೇಕು. ತಮ್ಮ ಕಾರಣ ಬರೆಯದೆ ಕಸ್ಟಡಿಗೆ ಕೊಟ್ಟ ಮ್ಯಾಜಿಸ್ಟ್ರೇಟರ ಮೇಲೆ ಹೈಕೋರ್ಟು ಇಲಾಖಾ ಕ್ರಮ ತೆಗೆದುಕೊಳ್ಳಬಹುದು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ 2022ರಲ್ಲಿ ಮತ್ತೆ ಅದನ್ನೇ ನೆನಪಿಸಬೇಕಾಯಿತು. ಕೆಳಗಿನ ಕೋರ್ಟುಗಳಲ್ಲಿ ಕೇಸಿನ ರಾಶಿ ಇದೆ ನಿಜ. ಆ ರಾಶಿ ಒಬ್ಬನ ಸ್ವಾತಂತ್ರ್ಯ ಕಸಿಯಲಿಕ್ಕೆ ಕಾರಣ ಆಗಬಾರದು.

ಆದರೆ ಹೇಳುವವರೂ ಬೇಕಲ್ಲ? 'ಪೊಲೀಸರು ಹೊಡೆದಿದ್ದಾರಾ?' ಅಂತ ಮ್ಯಾಜಿಸ್ಟ್ರೇಟರು ಕೇಳುವಾಗ ಪೊಲೀಸರು ಹಿಂದೆಯೇ ನಿಂತಿರುತ್ತಾರೆ. ಹೆದರಿದ ಹುಡುಗ 'ಇಲ್ಲ ಸ್ವಾಮಿ' ಅಂದುಬಿಟ್ಟರೆ ಅದೇ ದಾಖಲೆ. ಆರು ತಿಂಗಳು ಕಳೆದು ನಿಜ ಹೇಳಿದರೆ ಯಾರು ನಂಬುತ್ತಾರೆ ಮಾರಾಯ್ರೆ? ವಕೀಲರಿದ್ದರೆ ವೈದ್ಯಕೀಯ ವರದಿ ಎಲ್ಲಿ ಅಂತ ಕೇಳುತ್ತಾರೆ. ಹಿಂದಿನ ದಿನ ಮಧ್ಯಾಹ್ನವೇ ಹಿಡಿದು, ಬಂಧನದ ಸಮಯ ರಾತ್ರಿ ಅಂತ ಬರೆದಿದ್ದರೆ ಅದನ್ನು ಆಗಲೇ ಎತ್ತಿ ತೋರಿಸುತ್ತಾರೆ.

ದುಡ್ಡಿಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೂ ಹಾಗೆಯೇ, ಜೀವನಾಂಶಕ್ಕೆ ಕೋರ್ಟಿಗೆ ಅಲೆಯುವ ನಮ್ಮ ಸಹೋದರಿಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಸಹಾಯವಾಣಿ 15100.

ಇನ್ನೊಂದು, ದಿನದ ಲೆಕ್ಕ. ಅಪರಾಧಕ್ಕೆ ತಕ್ಕಂತೆ 60 ಇಲ್ಲವೇ 90 ದಿನದಲ್ಲಿ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು (ಯುಎಪಿಎಯಂಥ ಕಾಯ್ದೆಗಳಲ್ಲಿ ಅವಧಿ ಬೇರೆ). ಆದರೆ ಚಾರ್ಜ್‌ಶೀಟ್ ಬೀಳುವ ಮೊದಲೇ ಅರ್ಜಿ ಹಾಕಬೇಕು. ಒಂದು ದಿನ ತಡವಾದರೂ ಹಕ್ಕು ಹೋಯಿತು. ಮೊದಲ ರಿಮಾಂಡಿನ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಪ್ರತಿ ಜಮಾಅತ್ ತನ್ನ ತಾಲೂಕು ಕೋರ್ಟಿನ ಇಬ್ಬರು ವಕೀಲರನ್ನು ಮೊದಲೇ ಮಾತಾಡಿಸಿಟ್ಟು, ಅವರ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಲೀಡರಿಗೆ ಫೋನು ಆಮೇಲೆ ಮಾಡಿದರೂ ನಡೆಯುತ್ತದೆ.