ಒಂದೇ ತೋಟದ ಬಲೆ ಸಾಲದು

ಕಾಕನಕೋಟೆಯ ಕಾಡಂಚಿನ ಮಾವಿನ ತೋಟವೊಂದರಲ್ಲಿ ಕಳೆದ ಬೇಸಿಗೆಯಲ್ಲಿ ನಾನು ಹೆಚ್ಚಿದ ಹಣ್ಣು ಹೊರಗೆ ಹೊಂಬಣ್ಣ, ಒಳಗೆಲ್ಲ ಹುಳು. ಪಕ್ಕದಲ್ಲೇ ತೂಗುತ್ತಿದ್ದ ಮೋಹಕ ಬಲೆಯ ತುಂಬ ಸತ್ತ ಹಣ್ಣುನೊಣಗಳು. ಹಾಗಾದರೆ ಬಲೆ ವ್ಯರ್ಥವೇ?

ಬಲೆಯಲ್ಲಿನ ಮೀಥೈಲ್ ಯುಜಿನಾಲ್ ಸೆಳೆಯುವುದು ಗಂಡುಗಳನ್ನು. ಅದನ್ನು ಸೇವಿಸಿದ ಗಂಡಿಗೆ ಮುಸ್ಸಂಜೆಯ ಮಿಲನದಲ್ಲಿ ಹೆಣ್ಣನ್ನು ಒಲಿಸುವ ಗಂಧ ಲಭಿಸುತ್ತದೆ. ಅದಕ್ಕೇ ಈ ಹಂಬಲ. ಆದರೆ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಬಲೆಯಿಲ್ಲದ ನೆರೆತೋಟದಲ್ಲಿ ಮಿಲನ ಮುಗಿಸಿದ ಹೆಣ್ಣು ಹಾರಿಬಂದು ನಮ್ಮ ಹಣ್ಣಿನ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ.

ಏಷ್ಯಾ ಮೂಲದ ಈ ನೊಣ 2003ರಲ್ಲಿ ಕೀನ್ಯಾದಲ್ಲಿ ಪತ್ತೆಯಾಗಿ, ಬಳಿಕ ಆಫ್ರಿಕಾದ ಬಹುಭಾಗವನ್ನು ಆಕ್ರಮಿಸಿತು. ಖಂಡ ದಾಟಿದ ಕೀಟಕ್ಕೆ ನಮ್ಮ ಬೇಲಿ ಯಾವ ಲೆಕ್ಕ? ಜಪಾನು ತನ್ನ ನೈಋತ್ಯ ದ್ವೀಪಗಳುದ್ದಕ್ಕೂ ಇದೇ ಮೋಹಕವನ್ನು ಬಳಸಿ 1986ರ ವೇಳೆಗೆ ಅಲ್ಲಿಂದ ಅದನ್ನು ನಿರ್ಮೂಲಗೊಳಿಸಿತು.

ದ್ವೀಪದ ಅನುಕೂಲ ನಮಗಿಲ್ಲ, ನಿಜ. ಆದರೂ ಊರಿನ ಎಲ್ಲ ತೋಟಗಳಲ್ಲಿ ಏಕಕಾಲಕ್ಕೆ ಬಲೆ ಕಟ್ಟಿ, ಉದುರಿದ ಹಣ್ಣುಗಳನ್ನು ಆಯ್ದು ನಾಶಪಡಿಸಿದರೆ ಹಾವಳಿ ತಗ್ಗೀತು. ಕೆರೆಯ ಹೂಳೆತ್ತುವಂತೆ ಇದೂ ಊರೊಟ್ಟಿನ ಕೆಲಸ. ಗ್ರಾಮ ಪಂಚಾಯಿತಿಗಳು ಮಾವು ಬಲಿಯುವ ಮುನ್ನವೇ ಇದಕ್ಕೆ ಮುಂದಾಗಲಿ.