ಉಣಿಸಿ ಕೊಲ್ಲುವವರು

ಸಂಜೆ ಪರಿಚಯಸ್ಥರ ಮನೆಗೆ ಹೋಗುತ್ತೀರಿ. ನಡುಮನೆಯಲ್ಲಿ ಟೀವಿಯ ಪಕ್ಕಕ್ಕೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ನೀಲಿ ದೀಪ, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಒಂದು ಬೊಂಬೆ ಚಿಪ್ಪು, ಹತ್ತು ಹನ್ನೆರಡು ಬಣ್ಣದ ಮೀನು. ಕಾಫಿ ಬರುವುದರೊಳಗೆ ಮನೆಯ ಯಜಮಾನರು ಎದ್ದು ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಮೀನುಗಳೆಲ್ಲ ಆ ಮೂಲೆಗೆ ನುಗ್ಗಿ ಬರುತ್ತವೆ. "ನೋಡಿದಿರಾ ಸಾರ್, ಹೇಗೆ ಗುರುತು ಹಿಡಿಯುತ್ತವೆ! ಪಾಪ, ಹಸಿದಿವೆ" ಎಂದು ಡಬ್ಬಿಯಿಂದ ಒಂದು ಹಿಡಿ ಕೆಂಪು ಕಾಳನ್ನು ನೀರಿನ ಮೇಲೆ ಚೆಲ್ಲುತ್ತಾರೆ. ಅವರ ಮಗ ತಾನೂ ಹಾಕಬೇಕೆನ್ನುತ್ತಾನೆ, ಹಾಕುತ್ತಾನೆ. ಬಂದವರ ಮಗುವಿಗೆ ಬೇಸರವಾಗಬಾರದೆಂದು ಅದರ ಕೈಯಿಂದಲೂ ಒಂದಿಷ್ಟು ಹಾಕಿಸುತ್ತಾರೆ. ಬೆಳಗ್ಗೆ ಅಜ್ಜಿ ಹಾಕಿದ್ದುದು ಯಾರಿಗೂ ನೆನಪಿಲ್ಲ. ಇದು ಪ್ರೀತಿಯಲ್ಲ ಸ್ವಾಮಿ, ಸಾವಕಾಶವಾಗಿ ನಡೆಯುವ ಕೊಲೆ ಎಂದು ಅಲ್ಲಿಯೇ ಹೇಳೋಣವೆಂದರೆ ಕುಡಿದ ಕಾಫಿಯ ಋಣ ಅಡ್ಡ ಬರುತ್ತದೆ. ಆದುದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮೀನು ಗಾಜಿನ ಬಳಿಗೆ ಬರುವುದು ನಿಜ. ಊಟದ ಹೊತ್ತನ್ನು, ಊಟ ಬೀಳುವ ಮೂಲೆಯನ್ನು ಅದು ನೆನಪಿಟ್ಟುಕೊಳ್ಳುವುದೂ ನಿಜ. ಮೀನಿನ ನೆನಪು ಮೂರೇ ಸೆಕೆಂಡು ಎಂಬುದು ಯಾರೋ ಹುಟ್ಟಿಸಿದ ಸುಳ್ಳು. ಆದರೆ ಆ ಬರವಿಗೆ 'ಹಸಿವು' ಎಂದು ಅರ್ಥ ಹಚ್ಚಿದವರು ನಾವು. ಅಮೆಜಾನಿನ ಕವಲುಹೊಳೆಯಲ್ಲಾಗಲಿ ಥಾಯ್ಲೆಂಡಿನ ಬತ್ತದ ಗದ್ದೆಯಲ್ಲಾಗಲಿ ಮುಂದಿನ ತುತ್ತು ಯಾವಾಗ ಎಂಬುದು ಮೀನಿಗೆ ತಿಳಿಯದು. ಕಂಡುದನ್ನು ಬಿಟ್ಟ ಮೀನು ಉಳಿಯಲಿಲ್ಲ. ಕಂಡೊಡನೆ ನುಂಗಿದ ಮೀನು ಉಳಿಯಿತು. ಆ ಎರಡನೆಯದರ ಸಂತಾನವೇ ನಿಮ್ಮ ನಡುಮನೆಯಲ್ಲಿರುವುದು. ಹೊಟ್ಟೆ ತುಂಬಿದ್ದರೂ ಅದು ಬರುತ್ತದೆ, ಬಾಯಿ ತೆರೆಯುತ್ತದೆ. ಇನ್ನು ಅದಕ್ಕೆ ಬೇಕಾದುದೆಷ್ಟು? ನಮ್ಮ ಹಾಗೆ, ಗುಬ್ಬಿಯ ಹಾಗೆ, ಮೈಯನ್ನು ಬೆಚ್ಚಗಿಟ್ಟುಕೊಳ್ಳುವುದಕ್ಕೆ ಮೀನು ಅನ್ನವನ್ನು ಉರಿಸಬೇಕಾಗಿಲ್ಲ. ನೀರಿನ ಶಾಖವೇ ಅದರ ಮೈಶಾಖ. ಅಷ್ಟೇ ತೂಕದ ಹಕ್ಕಿಗೆ ಬೇಕಾಗುವುದರಲ್ಲಿ ಸಣ್ಣದೊಂದು ಪಾಲು ಸಿಕ್ಕಿದರೆ ಅದಕ್ಕೆ ಸಾಕು. ಬೆಳೆದ, ಆರೋಗ್ಯವಾಗಿರುವ ಮೀನು ಕೆಲವು ದಿನ ಏನೂ ತಿನ್ನದೆ ಸುಖವಾಗಿರಬಲ್ಲುದು. ಇದನ್ನರಿಯದೆ ನಾವು ಯಾತ್ರೆಗೆ ಹೊರಡುವಾಗ ಪಕ್ಕದ ಮನೆಯ ಹುಡುಗನ ಕೈಗೆ ಡಬ್ಬಿ ಕೊಟ್ಟು "ಮರೆಯದೆ ದಿನಕ್ಕೆರಡು ಸಲ ಹಾಕಪ್ಪ" ಎನ್ನುತ್ತೇವೆ. ಅವನು ಮರೆತಿದ್ದರೆ ಮೀನು ಬದುಕುತ್ತಿದ್ದವು. ಅವನು ಮಾತಿಗೆ ತಪ್ಪದ ಹುಡುಗ. ನಾವು ಲಾಡು ಹಿಡಿದು ಹಿಂದಿರುಗುವಾಗ ನೀರು ಹಾಲಿನ ಬಣ್ಣಕ್ಕೆ ತಿರುಗಿ ಎಲ್ಲವೂ ಮೇಲಕ್ಕೆ ತೇಲಿರುತ್ತವೆ. ಅಪವಾದ ಅವನ ತಲೆಯ ಮೇಲೆ.

ಈ ಹಿಡಿತುಂಬ ಹಾಕುವ ಅಭ್ಯಾಸ ನಮಗೆ ಎಲ್ಲಿಂದ ಬಂದಿತು? ಶೃಂಗೇರಿಯಿಂದ ಬಂದಿತೆಂದು ನನ್ನ ಊಹೆ. ಶಾರದೆಯ ದರ್ಶನ ಮುಗಿಸಿ ತುಂಗೆಯ ಮೆಟ್ಟಿಲಿಳಿದು ಮೀನುಗಳಿಗೆ ಮಂಡಕ್ಕಿ ಹಾಕದೆ ಬಂದವರುಂಟೆ? ನಾನೂ ಹಾಕಿದ್ದೇನೆ. ನೀರೇ ಕಾಣದಂತೆ ಮೀನು ಒತ್ತರಿಸಿ ಬರುವ ಆ ನೋಟ ಮನಸ್ಸಿಗೆ ಹಿಡಿಸುತ್ತದೆ. ಕೈಯೆತ್ತಿ ಕೊಟ್ಟೆನೆಂಬ ಸಮಾಧಾನವೂ ಸಿಗುತ್ತದೆ. ಆದರೆ ಅಲ್ಲಿ ಉಳಿದ ಮಂಡಕ್ಕಿಯನ್ನು, ತಿಂದ ಮೀನಿನ ಕಶ್ಮಲವನ್ನು ಒಯ್ಯುವುದಕ್ಕೆ ತುಂಗೆಯಿದ್ದಾಳೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಕಂಠಮಟ್ಟ ತುಂಬಿದರೂ ಹಿಡಿಯುವುದು 56 ಲೀಟರು. ಜಲ್ಲಿ, ಗೊಂಬೆಗಳನ್ನು ಕಳೆದರೆ ಐವತ್ತಕ್ಕೂ ಕಡಿಮೆ. ಅದರೊಳಗೆ ಬಿದ್ದದ್ದು ಅದರೊಳಗೇ ಇರುತ್ತದೆ. ನದಿಯ ಧರ್ಮವನ್ನು ಬಿಂದಿಗೆಯಲ್ಲಿ ಆಚರಿಸಹೊರಟಿದ್ದೇವೆ.

ಒಳಗೇ ಇದ್ದು ಏನಾಗುತ್ತದೆಂಬುದನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ತಿಂದ ಆಹಾರದ ಸಾರಜನಕದ ಕಶ್ಮಲವನ್ನು ಮೀನು ಹೆಚ್ಚಾಗಿ ಅಮೋನಿಯದ ರೂಪದಲ್ಲಿ, ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಕಾಳು ಜಲ್ಲಿಯ ಸಂದಿಯಲ್ಲಿ ಕೊಳೆತು ಅದೂ ಅಮೋನಿಯವಾಗುತ್ತದೆ. ಇದು ಕಣ್ಣಿಗೆ ಕಾಣದು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಮೀನಿನ ಪಾಲಿಗೆ ವಿಷವಾಗಿರಬಹುದು. ಹಳೆಯ ತೊಟ್ಟಿಯಲ್ಲಿ ಜಲ್ಲಿಗೂ ಫಿಲ್ಟರಿನ ಸ್ಪಂಜಿಗೂ ಅಂಟಿಕೊಂಡ ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ; ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿಸುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ, ಆಗಾಗ್ಗೆ ಒಂದಿಷ್ಟು ನೀರು ಬದಲಾಯಿಸಿದರೆ ತೀರಿತು. ಈ ಅದೃಶ್ಯ ಸೇವಕರು ಹೊಸ ತೊಟ್ಟಿಯಲ್ಲಿ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವನು ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುತ್ತಾನೆ. ಮೂರನೆಯ ವಾರಕ್ಕೆ ಅರ್ಧ ಮೀನು ಸತ್ತರೆ ಮತ್ತೆ ಅವನ ಅಂಗಡಿಗೇ ಹೋಗುತ್ತೇವೆ.

ಇನ್ನೊಂದು ಪಂಗಡ ತೊಳೆಯುವವರದು. ಭಾನುವಾರ ಬಂದರೆ ಮೀನನ್ನು ಬಕೆಟ್ಟಿಗೆ ಹಾಕಿ, ಜಲ್ಲಿ, ಸ್ಪಂಜು, ಗೊಂಬೆ ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ನಗರದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಬೆರೆಸಿರುತ್ತದೆ, ಬೆರೆಸುವುದೇ ಬ್ಯಾಕ್ಟೀರಿಯವನ್ನು ಕೊಲ್ಲಲು. ತಿಂಗಳುಗಟ್ಟಲೆ ಬೆಳೆದ ಸೇವಕರ ಸಂಸಾರ ಅರ್ಧ ಗಂಟೆಯಲ್ಲಿ ನಾಶವಾಗುತ್ತದೆ. ಸೋಮವಾರದಿಂದ ಮತ್ತೆ ಹಿಡಿಹಿಡಿ ಕಾಳು. ಉಣಿಸುವವರೂ ತೊಳೆಯುವವರೂ ಒಂದೇ ಮನೆಯಲ್ಲಿ, ಅನೇಕ ವೇಳೆ ಒಂದೇ ಅಂಗಿಯೊಳಗೆ ಇರುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಕಲಕುವ ಸಂಗತಿ ಇನ್ನೊಂದು. ಅಮೋನಿಯ ಏರಿದಾಗ ಕಿವಿರು ಸುಟ್ಟಂತಾಗಿ ಮೀನಿಗೆ ಉಸಿರು ಸಿಕ್ಕುವುದಿಲ್ಲ. ಅದು ಮೇಲಕ್ಕೆ ಬಂದು ನೀರಿನ ಮಟ್ಟದಲ್ಲಿ ಬಾಯಿ ತೆರೆದು ತೆರೆದು ಮುಚ್ಚುತ್ತದೆ. ಅದನ್ನು ಕಂಡ ಯಜಮಾನರು "ಅಯ್ಯೋ, ಎಷ್ಟು ಹಸಿದಿದೆ, ಬಾಯಿ ಬಿಡುತ್ತಿದೆ" ಎಂದು ಇನ್ನೊಂದು ಹಿಡಿ ಹಾಕುತ್ತಾರೆ. ಉಸಿರು ಕಟ್ಟಿ ಸಾಯುತ್ತಿರುವವನ ಬಾಯಿಗೆ ಹೋಳಿಗೆ ತುರುಕಿದ ಹಾಗೆ.

ಎಷ್ಟು ಎಂಬುದನ್ನು ಬಿಟ್ಟು ಏನು ಎಂಬುದಕ್ಕೆ ಬಂದರೆ ನಮ್ಮ ಅಲಕ್ಷ್ಯ ಇನ್ನೂ ದೊಡ್ಡದು. ಮೀನಿನ ಬಾಯಿಯನ್ನು ಒಮ್ಮೆ ನೋಡಿದವರಿಗೆ ಅದರ ಊಟದ ಅರ್ಧ ಕಥೆ ತಿಳಿಯುತ್ತದೆ. ಗಪ್ಪಿಯ ಬಾಯಿ ಮೇಲ್ಮೊಗ. ಅದು ನೀರಿನ ಮೇಲಿಂದ ಹೆಕ್ಕುವ ಪ್ರಾಣಿ. ಟೆಟ್ರದ ಬಾಯಿ ನೇರ; ನಡುನೀರಿನಲ್ಲಿ ಇಳಿಯುತ್ತಿರುವ ತುಣುಕನ್ನು ಹಿಡಿಯುತ್ತದೆ. ಮೀಸೆಯ ಕೋರಿಡೋರಸ್ ಕೆಳಮೊಗದ್ದು, ಮರಳು ಕೆದಕಿ ತಿನ್ನುತ್ತದೆ. ತೇಲುವ ಕಾಳನ್ನು ಮೇಲಿನವರೇ ಮುಗಿಸಿದರೆ ಅದಕ್ಕೆ ಉಪವಾಸ. ಹೀಗೆ ಒಂದೇ ತೊಟ್ಟಿಯಲ್ಲಿ ಒಬ್ಬರು ಅತಿಯಾಗಿ ಉಂಡು, ಇನ್ನೊಬ್ಬರು ಉಣ್ಣದೆ, ಇಬ್ಬರೂ ಸಾಯುವುದುಂಟು. ಅಂಗಡಿಯವನು ಅಂದವೆಂದು ಜೊತೆಗೂಡಿಸಿಕೊಟ್ಟ ಏಂಜಲ್ ಮೀನೂ ನಿಯಾನ್ ಟೆಟ್ರವೂ ಕೆಲವು ತಿಂಗಳು ಚೆನ್ನಾಗಿರುತ್ತವೆ; ಏಂಜಲಿನ ಬಾಯಿ ದೊಡ್ಡದಾದ ಮೇಲೆ ರಾತ್ರಿಗೊಂದು ನಿಯಾನ್ ಕಾಣೆಯಾಗುತ್ತದೆ. ಹೆಸರು ದೇವದೂತನದಾದರೂ ಅದು ಸಣ್ಣ ಮೀನನ್ನು ತಿನ್ನುವ ಜಾತಿ. ಚಳಿಗಾಲದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಇವೆಲ್ಲ ಸುಮಾರು 24ರಿಂದ 28 ಡಿಗ್ರಿ ಶಾಖದ ನೀರಿನವು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದ ನೀರು ತಣ್ಣಗಾದಾಗ ಅವುಗಳ ಜೀರ್ಣಶಕ್ತಿಯೂ ಕುಂದುತ್ತದೆ. ನಾವು ಹಾಕುವ ಹಿಡಿ ಮಾತ್ರ ಕುಂದುವುದಿಲ್ಲ.

ಫೈಟರ್ ಎಂದು ಮಾರುವ ಬೆಟ್ಟ ಮೀನಿನ ಗತಿಯನ್ನಂತೂ ನೋಡಲಾಗದು. ಗಂಡುಗಳು ಕಾದಾಡುತ್ತವೆಂದು ಒಂದೊಂದನ್ನು ಒಂದೊಂದು ಸೀಸೆಯಲ್ಲಿಟ್ಟು ಸಾಲಾಗಿ ಜೋಡಿಸಿರುತ್ತಾರೆ. ತಲೆಯೊಳಗಿನ ವಿಶೇಷ ಅಂಗದಿಂದ ಮೇಲಿನ ಗಾಳಿಯನ್ನೇ ಉಸಿರಾಡಬಲ್ಲುದಾದ್ದರಿಂದ ಆ ಸೀಸೆಯಲ್ಲೂ ಅದು ಬೇಗ ಸಾಯುವುದಿಲ್ಲ. ಬೇಗ ಸಾಯದಿರುವುದೇ ಅದರ ದುರದೃಷ್ಟ. ಹೂದಾನಿಯಲ್ಲಿ ಗಿಡ ನೆಟ್ಟು, ಕೆಳಗೆ ಈ ಮೀನನ್ನು ಬಿಟ್ಟು, "ಬೇರು ತಿಂದುಕೊಂಡಿರುತ್ತದೆ, ಊಟದ ಗೊಡವೆಯಿಲ್ಲ" ಎನ್ನುವವರೂ ಇದ್ದಾರೆ. ಸ್ವಾಮಿ, ಅದು ಹುಳು, ಸೊಳ್ಳೆಮರಿ ತಿನ್ನುವ ಮೀನು. ಬೇರು ಕಚ್ಚಿದರೆ ಅದು ರುಚಿಗಲ್ಲ. ಗಂಡು ಬೆಟ್ಟ ಬಾಯಿಂದ ಗುಳ್ಳೆಗಳನ್ನೂದಿ ನೀರಿನ ಮೇಲೆ ಗೂಡು ಕಟ್ಟಿ, ಜಾರಿ ಬಿದ್ದ ಮೊಟ್ಟೆಗಳನ್ನು ಬಾಯಲ್ಲೆತ್ತಿ ಮತ್ತೆ ಗೂಡಿಗೆ ಸೇರಿಸಿ ಕಾಯುತ್ತದೆ. ಥಾಯ್ಲೆಂಡ್ 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಾವು ಅದನ್ನು ಉಪ್ಪಿನಕಾಯಿಯ ಹಾಗೆ ಸೀಸೆಯಲ್ಲಿಟ್ಟಿದ್ದೇವೆ.

ತಾವು ಚೆಲ್ಲಿದ್ದನ್ನು ಎತ್ತಲು ಆಳೊಂದು ಬೇಕೆನ್ನುವವರು ಸಕ್ಕರ್ ಮೀನನ್ನು ತರುತ್ತಾರೆ. ಅದು ತೊಟ್ಟಿಯ ಕೊಳೆಯನ್ನೆಲ್ಲ ತಿಂದು ಚೊಕ್ಕಟ ಮಾಡುತ್ತದಂತೆ. ಮೀನಿನ ಮಲವನ್ನು ತಿಂದು ಬದುಕುವ ಮೀನಲ್ಲ ಅದು. ಅದಕ್ಕೂ ಊಟ ಬೇಕು, ಊಟಕ್ಕೆ ತಕ್ಕಂತೆ ಅದೇ ಎಲ್ಲರಿಗಿಂತ ಹೆಚ್ಚು ಕಶ್ಮಲ ಮಾಡುತ್ತದೆ. ಎರಡಂಗುಲದ ಮರಿಯಾಗಿ ಬಂದದ್ದು ಒಂದೂವರೆ ಅಡಿಗೂ ಬೆಳೆಯಬಲ್ಲುದು. ಆಗ ದಯಾಳುಗಳು ಅದನ್ನು ಹತ್ತಿರದ ಕೆರೆಗೆ ಬಿಟ್ಟು, ಪ್ರಾಣದಾನ ಮಾಡಿದೆವೆಂದು ಕೈ ತೊಳೆದುಕೊಳ್ಳುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಈಗ ಬಂಗಾಳ, ಆಂಧ್ರ, ತಮಿಳುನಾಡು, ಕೇರಳಗಳ ನೀರಿನಲ್ಲಿ ನೆಲೆಯೂರಿ, ತನ್ನ ಮುಳ್ಳುಕವಚದಿಂದ ಬೆಸ್ತರ ಬಲೆಯನ್ನು ಹರಿದುಹಾಕುತ್ತಿದೆ. "ತೊಟ್ಟಿಯಷ್ಟಕ್ಕೇ ಮೀನು ಬೆಳೆಯುತ್ತದೆ" ಎಂಬ ಇನ್ನೊಂದು ಮಾತೂ ಇದೆ. ಇಕ್ಕಟ್ಟಿನ ಕೊಳೆನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದನ್ನು ಮಿತವ್ಯಯವೆಂದು ತಿಳಿಯುವ ಬುದ್ಧಿ ಅದು. ಮತ್ಸ್ಯಾವತಾರದ ಕಥೆ ಕೇಳಿ ಬೆಳೆದವರು ನಾವು. ಮೀನು ಬೆಳೆದಂತೆಲ್ಲ ಮನು ಅದನ್ನು ಪಾತ್ರೆಯಿಂದ ಹೊಂಡಕ್ಕೆ, ಕೊನೆಗೆ ಸಮುದ್ರಕ್ಕೆ ಸಾಗಿಸಿದನಲ್ಲದೆ, "ಪಾತ್ರೆಯಷ್ಟಕ್ಕೇ ಇರು" ಎನ್ನಲಿಲ್ಲ.

ವಾಸ್ತುವಿನ ಹೆಸರಿನಲ್ಲಿ ಮೀನು ಸಾಕುವವರ ಮೇಲೆ ನನಗೆ ಕನಿಕರವೂ ಇಲ್ಲ. ಈಶಾನ್ಯಕ್ಕೆ ತೊಟ್ಟಿ, ಅದರಲ್ಲಿ ಸರಿಯಾಗಿ ತಿರುಗುವುದಕ್ಕೂ ಎಡೆಯಿಲ್ಲದ ಅರೋವಾನ. ಅದು ಸತ್ತರೆ "ಮನೆಗೆ ಬರಬೇಕಾದ ಕಂಟಕವನ್ನು ತಾನು ತೆಗೆದುಕೊಂಡು ಹೋಯಿತು" ಎಂಬ ಸಮಾಧಾನ. ಎಂಥ ಅನುಕೂಲವಾದ ಶಾಸ್ತ್ರ! ಹಾಕಿದ ಹಿಡಿಗೂ ಲೆಕ್ಕವಿಲ್ಲ, ಬದಲಾಯಿಸದ ನೀರಿಗೂ ಲೆಕ್ಕವಿಲ್ಲ, ಕೊಂದವನೇ ಫಲಾನುಭವಿ. ಕಂಟಕ ಬರಬೇಕಾಗಿದ್ದುದು ನಿಜವಾದರೆ ಅದು ಬಂದದ್ದು ಮೀನಿಗೆ, ಮನೆಯ ಯಜಮಾನನ ರೂಪದಲ್ಲಿ.

ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ಮೀನಿನ ಉಸಾಬರಿ ಏಕೆ ಎಂದು ಕೇಳುವವರು ಕೇಳಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಇದೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಕಡಲಿನ ಮೀನು, ಹೊಳೆಯ ಮೀನು, ಯಾವುದಕ್ಕೆ ಎಂಥ ಆಹಾರ ಎಂಬುದನ್ನೆಲ್ಲ ನಮ್ಮ ನಾಡಿನ ಆ ದೊರೆ ವಿವರಿಸಿದ್ದಾನೆ. ಅವನ ಉದ್ದೇಶ ಗಾಳ ಹಾಕಿ ಹಿಡಿಯುವುದೆಂಬುದು ಬೇರೆ ಮಾತು. ಹಿಡಿಯಹೊರಟವನಿಗೆ ಇದ್ದ ತಿಳಿವಳಿಕೆ ಸಾಕಹೊರಟವನಿಗೆ ಬೇಡವೆ?

ಉಪದೇಶ ಮಾಡುವ ನಾನು ಸಾಚಾ ಎಂದುಕೊಳ್ಳಬೇಡಿ. ನನ್ನ ಮೊದಲ ತೊಟ್ಟಿಯ ಎಂಟು ಗಪ್ಪಿಗಳನ್ನು ಹತ್ತೊಂಬತ್ತು ದಿನಗಳಲ್ಲಿ ನಾನೇ ಮುಗಿಸಿದೆ, ಪ್ರೀತಿಯಿಂದಲೇ. ಈಗ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ಮುಗಿಸುವಷ್ಟು ಚಿಟಿಕೆ. ಉಳಿದರೆ ಕೊಳವೆಯಿಂದ ಎಳೆದು ಹೊರಕ್ಕೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಅದೂ ಕ್ಲೋರಿನ್ ತೆಗೆದ ನೀರು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡುವುದು. ಮರಿಗಳಿದ್ದರೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ. ಇದಕ್ಕೆ ಮನೆಯಲ್ಲಿ ಎಲ್ಲರೂ ಒಪ್ಪಿದರು, ಅಮ್ಮನನ್ನು ಬಿಟ್ಟು. ಆಗಾಗ್ಗೆ ಒಂದು ದಿನ ಪೂರ್ತಿ ಊಟ ಬೇಡವೆಂದಾಗಲಂತೂ "ಮೂಕಪ್ರಾಣಿಯನ್ನು ಉಪವಾಸ ಕೆಡವುತ್ತೀಯಾ, ಪಾಪಿ" ಎಂದು ನಾನು ಕಾಲೇಜಿಗೆ ಹೋದ ಮೇಲೆ ಕದ್ದು ಹಾಕುತ್ತಿದ್ದರು. ಅಮೋನಿಯದ ಕಥೆ ಹೇಳಿದೆ, ಫಲಿಸಲಿಲ್ಲ. ಕೊನೆಗೆ ಮೀನುಗಳಿಗೆ ಏಕಾದಶಿ ಎಂದೆ. ಅಂದಿನಿಂದ ಪಂಚಾಂಗ ನೋಡಿ ಡಬ್ಬಿಯನ್ನು ಅವರೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ದ್ವಾದಶಿಯ ಬೆಳಗ್ಗೆ ಪಾರಣೆಗೆಂದು ಚಿಟಿಕೆ ಸ್ವಲ್ಪ ದೊಡ್ಡದಾಗುತ್ತದೆ. ಅದರ ಬಗ್ಗೆ ಮಾತುಕತೆ ನಡೆದಿದೆ.